ವ್ಯಸನಮುಕ್ತರ ಸಮಾವೇಶ ಮತ್ತು ಅಗಲಿದವರ ಸ್ಮರಣೆ: ಗ್ರಾಮೀಣ ಸಾರ್ವಜನಿಕರಿಗೆ ಮಾಹಿತಿ

ರಾಜ್ಯದಲ್ಲಿ ಆಗಸ್ಟ್ 1ನ್ನು ವ್ಯಸನಮುಕ್ತ ದಿನವನ್ನಾಗಿ ಆಚರಿಸಲಾಗುತ್ತದೆ. ಇದು ಇಳಕಲ್ಲಿನ ಚಿತ್ತರಗಿ ಸಂಸ್ಥಾನಮಠದ ಡಾ. ಮಹಾಂತ ಶಿವಯೋಗಿಗಳ ಜನ್ಮದಿನವಾಗಿರುತ್ತದೆ. 1975ರಲ್ಲಿ ಆರಂಭಗೊಂಡ 'ಮಹಾಂತ ಜೋಳಿಗೆ'ಯನ್ನು ಹಿಡಿದು ಪೂಜ್ಯರು ಊರೂರು ಸುತ್ತಿ, ಹಣವನ್ನಾಗಲಿ ಧಾನ್ಯವನ್ನಾಗಲಿ ಕೇಳದೆ, ಜನರ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದರು. ಅವರು 2018ರಲ್ಲಿ ಲಿಂಗೈಕ್ಯರಾದರು.

ಇದೇ ರೀತಿ ಗಾಂಧಿ ಜಯಂತಿಯ ಸಂದರ್ಭದಲ್ಲಿ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಹಾಗೂ ಜನಜಾಗೃತಿ ವೇದಿಕೆಯ ವತಿಯಿಂದ ಪಾನಮುಕ್ತರ ಸಮಾವೇಶಗಳು ನಡೆಯುತ್ತವೆ. ಮದ್ಯವರ್ಜನ ಶಿಬಿರ ಮುಗಿಸಿದವರು ತಮ್ಮ ಊರಿನ ನವಜೀವನ ಸಮಿತಿಯಲ್ಲಿ ಸೇರುತ್ತಾರೆ. ಶಿಬಿರಕ್ಕಿಂತ ಈ ಸಮಿತಿಯೇ ಮುಖ್ಯವೆಂದರೆ ತಪ್ಪಾಗಲಾರದು. ಕುಡಿತ ಬಿಟ್ಟ ವ್ಯಕ್ತಿಯು ಹಿಂದಿರುಗುವುದು ಅದೇ ಓಣಿಗೆ, ಅದೇ ಗೆಳೆಯರ ನಡುವೆಗೆ.

ನವಲಗುಂದ, ಕುಂದಗೋಳ, ಕಲಘಟಗಿ ಹಾಗೂ ಅಣ್ಣಿಗೇರಿ ತಾಲ್ಲೂಕುಗಳ ಗ್ರಾಮಗಳಲ್ಲಿ ಇಂತಹ ಸಮಾವೇಶ ಏರ್ಪಡಿಸಲು ಇಚ್ಛಿಸುವವರು ಪಂಚಾಯಿತಿ ಸ್ಥಳಕ್ಕಾಗಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳಿಗೂ, ಧ್ವನಿವರ್ಧಕಕ್ಕಾಗಿ ಪೊಲೀಸ್ ಠಾಣೆಗೂ ಮುಂಚಿತವಾಗಿ ಅರ್ಜಿ ಸಲ್ಲಿಸತಕ್ಕದ್ದು. ಸನ್ಮಾನಿತರ ಹೆಸರು ಮತ್ತು ಭಾವಚಿತ್ರವನ್ನು ಅವರ ಒಪ್ಪಿಗೆಯಿಲ್ಲದೆ ಫಲಕಗಳಲ್ಲಿ ಹಾಕಬಾರದು. ಒಬ್ಬರ ಹಳೆಯ ಚಟವನ್ನು ಊರಿಗೆಲ್ಲ ಸಾರುವುದು ಸನ್ಮಾನವಾಗುವುದಿಲ್ಲ.

ಸನ್ಮಾನದೊಂದಿಗೆ ಅಗಲಿದವರ ಸ್ಮರಣೆಯೂ ಇರುವುದು ಸೂಕ್ತ. ಮಿತಿಮೀರಿದ ಮಾದಕ ಸೇವನೆಯಿಂದ ಮೃತರಾದವರನ್ನು ಸ್ಮರಿಸುವ ಅಂತರರಾಷ್ಟ್ರೀಯ ದಿನವು 2001ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್ ನಗರದಲ್ಲಿ ಆರಂಭಗೊಂಡು, ಈಗ ಆಗಸ್ಟ್ 31ರಂದು ಹಲವು ದೇಶಗಳಲ್ಲಿ ಆಚರಿಸಲ್ಪಡುತ್ತಿದೆ. ನಮ್ಮ ರಾಜ್ಯದಲ್ಲಿಯೂ ಸ್ಮರಿಸಬೇಕಾದವರು ಕಡಿಮೆಯಿಲ್ಲ. 1981ರಲ್ಲಿ ಬೆಂಗಳೂರಿನಲ್ಲಿ ಕಳ್ಳಭಟ್ಟಿ ಸೇವಿಸಿ 300ಕ್ಕೂ ಹೆಚ್ಚು ಜನರು ಮೃತಪಟ್ಟರು. ಸಾರಾಯಿಯನ್ನು 2007ರ ಜುಲೈ 1ರಿಂದ ನಿಷೇಧಿಸಿದ ನಂತರವೂ, 2008ರಲ್ಲಿ ಬೆಂಗಳೂರು ಸುತ್ತಮುತ್ತ ಹಾಗೂ ತಮಿಳುನಾಡಿನ ಗಡಿ ಭಾಗದಲ್ಲಿ ನೂರಕ್ಕೂ ಹೆಚ್ಚು ಜೀವಗಳು ಹೋದವು.

ಇಂತಹ ಸಾವುಗಳಿಗೆ ಸಾಮಾನ್ಯವಾಗಿ ಮೆಥನಾಲ್ ಕಾರಣ. ಅದು ಯಕೃತ್ತಿನಲ್ಲಿ ಫಾರ್ಮಿಕ್ ಆಮ್ಲವಾಗಿ ಮಾರ್ಪಟ್ಟು ಕಣ್ಣಿನ ನರವನ್ನು ಹಾಳುಮಾಡುತ್ತದೆ. ಕುಡಿದ ಹಲವು ಗಂಟೆಗಳ ನಂತರ ದೃಷ್ಟಿ ಮಂಜಾದರೆ, ವಾಂತಿ ಹಾಗೂ ಹೊಟ್ಟೆನೋವು ಕಂಡುಬಂದರೆ, ನಿದ್ರೆ ಮಾಡಿದರೆ ಸರಿಹೋದೀತೆಂದು ಬಿಡದೆ 108ಕ್ಕೆ ಕರೆ ಮಾಡಬೇಕು. ಮರಣ ಸಂಭವಿಸಿದಲ್ಲಿ ಮರ್ಯಾದೆಗೆ ಅಂಜಿ ತರಾತುರಿಯಲ್ಲಿ ಅಂತ್ಯಕ್ರಿಯೆ ಮುಗಿಸುವುದುಂಟು. ಸಂಶಯಾಸ್ಪದ ಮರಣವನ್ನು ಪೊಲೀಸರಿಗೆ ತಿಳಿಸಿ ಮರಣೋತ್ತರ ಪರೀಕ್ಷೆ ಮಾಡಿಸಿದಲ್ಲಿ, ಅದೇ ಮದ್ಯವನ್ನು ಕುಡಿದ ಇತರರನ್ನು ಉಳಿಸಲು ಅವಕಾಶವಾಗುತ್ತದೆ.

ಸಮಾವೇಶದಲ್ಲಿ ಉತ್ಸಾಹದಿಂದ 'ಇಂದಿನಿಂದಲೇ ಬಿಟ್ಟೆ' ಎಂದು ಪ್ರತಿಜ್ಞೆ ಮಾಡುವವರ ಬಗ್ಗೆಯೂ ಎಚ್ಚರ ಅಗತ್ಯ. ಬಹುಕಾಲ ಪ್ರತಿದಿನ ಕುಡಿಯುತ್ತಿದ್ದವರು ಏಕಾಏಕಿ ನಿಲ್ಲಿಸಿದಲ್ಲಿ ಮೊದಲ ಎರಡು ಮೂರು ದಿನಗಳಲ್ಲಿ ಕೈನಡುಕ, ಬೆವರು, ಫಿಟ್ಸ್, ಬಡಬಡಿಕೆ ಕಾಣಿಸಿಕೊಳ್ಳಬಹುದು. ಕೆಲವೊಮ್ಮೆ ಪ್ರಾಣಾಪಾಯವೂ ಉಂಟು. ಇದನ್ನು ಗಾಳಿ ಸೋಕಿತೆಂದು ತಿಳಿಯದೆ ವೈದ್ಯರ ಬಳಿ ಕರೆದೊಯ್ಯಬೇಕು. ಧಾರವಾಡದ ಡಿಮ್ಹಾನ್ಸ್ ಸಂಸ್ಥೆಯು ಜಿಲ್ಲೆಯವರಿಗೆ ಸಮೀಪದ ಸರ್ಕಾರಿ ಚಿಕಿತ್ಸಾ ಕೇಂದ್ರ. ದೂರವಾಣಿ ಸಲಹೆಗೆ ಟೆಲಿ-ಮಾನಸ್ 14416 ಹಾಗೂ ರಾಷ್ಟ್ರೀಯ ವ್ಯಸನಮುಕ್ತಿ ಸಹಾಯವಾಣಿ 14446 ಉಚಿತವಾಗಿ ಲಭ್ಯವಿವೆ. ಅಫೀಮು ವರ್ಗದ ಮಾದಕಗಳನ್ನು ಬಿಟ್ಟವರಲ್ಲಿ ದೇಹದ ತಾಳಿಕೆ ಕುಗ್ಗಿರುತ್ತದೆಯಾದ್ದರಿಂದ, ಮತ್ತೆ ಹಳೆಯ ಪ್ರಮಾಣವನ್ನೇ ತೆಗೆದುಕೊಂಡಲ್ಲಿ ಉಸಿರು ನಿಂತು ಸಾವು ಸಂಭವಿಸಬಹುದು.

ಚಿಕಿತ್ಸೆಗೆ ಹೋದರೆ ಮೊಕದ್ದಮೆ ಬೀಳುವುದೆಂಬ ಭಯ ಹಲವರಲ್ಲಿದೆ. ಎನ್‌ಡಿಪಿಎಸ್ ಕಾಯ್ದೆ, 1985ರ ಕಲಂ 64ಎ ಪ್ರಕಾರ, ಸ್ವಂತ ಸೇವನೆ ಅಥವಾ ಅಲ್ಪ ಪ್ರಮಾಣದ ಆರೋಪವುಳ್ಳ ವ್ಯಸನಿಯು ಸ್ವಇಚ್ಛೆಯಿಂದ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಚಿಕಿತ್ಸೆ ಪಡೆದಲ್ಲಿ ಪ್ರಾಸಿಕ್ಯೂಷನ್‌ನಿಂದ ರಕ್ಷಣೆ ಇರುತ್ತದೆ. ಚಿಕಿತ್ಸೆಯನ್ನು ಪೂರ್ಣಗೊಳಿಸದಿದ್ದಲ್ಲಿ ಈ ರಕ್ಷಣೆಯನ್ನು ಹಿಂಪಡೆಯಬಹುದಾಗಿದೆ.

ಮೃತರ ಕುಟುಂಬದವರು ಮರಣವನ್ನು 21 ದಿನಗಳೊಳಗಾಗಿ ನೋಂದಾಯಿಸತಕ್ಕದ್ದು. ಅರ್ಹ ಪತ್ನಿಯು ವಿಧವಾ ವೇತನಕ್ಕಾಗಿ ಮರಣ ಪ್ರಮಾಣಪತ್ರದೊಂದಿಗೆ ಹೋಬಳಿಯ ನಾಡಕಚೇರಿಯಲ್ಲಿ ಅರ್ಜಿ ಸಲ್ಲಿಸಬಹುದು. ಪತಿಯು ಕುಡಿತದಿಂದ ಮೃತಪಟ್ಟಿದ್ದರೆಂಬುದು ಈ ವೇತನಕ್ಕೆ ಅಡ್ಡಿಯಾಗುವುದಿಲ್ಲ.