ಹೊಗೆಗೊಳವೆಯ ಕೊರಳಲ್ಲಿ ನೀರು

ಒಲೆಯ ಹೊಗೆ ಪೈಪು ಸ್ಲ್ಯಾಬು ಸೀಳಿಕೊಂಡು ಮೇಲೆ ಹೋಗುವ ಜಾಗವನ್ನು ತಲೆಯೆತ್ತಿ ನೋಡಿ. ಕೆರೂರ, ಬಾದಾಮಿ ಕಡೆಯ ಎಷ್ಟೋ ಅಡುಗೆಮನೆಗಳಲ್ಲಿ ಅಲ್ಲೊಂದು ಕಂದು ಅಂಚಿನ ಹಸಿ ಕಲೆ ಕಾಣುತ್ತದೆ. ದಸರೆಗೆ ಸುಣ್ಣ ಬಳಿದು ಮುಚ್ಚಿದ್ದು ಮರುವರ್ಷದ ಉತ್ತರಿ ಮಳೆಗೆ ಮತ್ತೆ ಮೂಡುತ್ತದೆ. ಗೌಂಡಿಯನ್ನು ಕರೆಸುತ್ತಾರೆ. ಆತ ಪೈಪಿನ ಬುಡಕ್ಕೆ ಒಂದು ಬುಟ್ಟಿ ಸಿಮೆಂಟು ಮೆತ್ತಿ, ‘ಇನ್ನ ಸೋರಂಗಿಲ್ರಿ’ ಎಂದು ಕೂಲಿ ಇಸಿದುಕೊಂಡು ಹೋಗುತ್ತಾನೆ. ಒಂದು ಮಳೆಗಾಲ ಮಾತು ನಿಲ್ಲುತ್ತದೆ.

ಆತನ ಕೈಗೆಲಸ ಕೆಟ್ಟದ್ದೇನಲ್ಲ. ಒಲೆ ಉರಿದಾಗ ಪೈಪು ಕಾಯ್ದು ಹಿಗ್ಗುತ್ತದೆ, ಆರಿದಾಗ ಕುಗ್ಗುತ್ತದೆ. ನಮ್ಮ ಏಪ್ರಿಲ್ ಬಿಸಿಲಿಗೆ ಸ್ಲ್ಯಾಬು ತನ್ನದೇ ಲೆಕ್ಕದಲ್ಲಿ ಹಿಗ್ಗುತ್ತದೆ. ನಡುವೆ ಬಿಗಿಯಾಗಿ ಕೂತ ಸಿಮೆಂಟಿಗೆ ಇಬ್ಬರ ಜೊತೆಗೂ ಹೆಜ್ಜೆ ಹಾಕಲು ಬರುವುದಿಲ್ಲ. ಕೂದಲೆಳೆಯಷ್ಟು ಸೀಳು ಬಿಡುತ್ತದೆ. ನೀರಿಗೆ ಅಷ್ಟು ದಾರಿ ಸಾಕು. ಮೇಲೆ ಇನ್ನೊಂದು ಬುಟ್ಟಿ ಮೆತ್ತಿದರೆ ಸೀಳು ಒಂದಿಂಚು ಆಚೆಗೆ ಸರಿಯುತ್ತದೆ, ಅಷ್ಟೆ.

ಹಳೆಯ ಮೇಲುಮುದ್ದಿ ಮನೆಗಳನ್ನು ಕಟ್ಟಿದವರು ಈ ತೊಡಕನ್ನು ಬೇರೆ ರೀತಿ ಬಿಡಿಸಿಕೊಂಡಿದ್ದರು. ತೊಲೆ, ಜಂತಿ, ಅದರ ಮೇಲೆ ಕಟ್ಟಿಗೆ ಹಾಸು, ಸೊಪ್ಪು, ಮಣ್ಣು. ಮೇಲ್ಪದರಕ್ಕೆ ಮಳೆಗಾಲದ ಮುಂಚೆ ಸವುಳು ಮಣ್ಣು. ಸವುಳಿನಲ್ಲಿರುವ ಸೋಡಿಯಂ ಜೇಡಿಯ ಕಣಗಳನ್ನು ಬಿಡಿಬಿಡಿ ಮಾಡುತ್ತದೆ, ನೆನೆದಾಗ ಆ ಕಣಗಳು ಸಂದುಗಳಲ್ಲಿ ಕೂತು ನೀರಿನ ದಾರಿ ಕಟ್ಟುತ್ತವೆ. ಹೊಲದಲ್ಲಿ ಬೆಳೆಗೆ ಶತ್ರುವಾದ ಮಣ್ಣು ಮಾಳಿಗೆಗೆ ನೆಂಟ. ಆ ಮಾಳಿಗೆಯಲ್ಲಿ ಹೊಗೆ ಹೋಗಲು ಇದ್ದದ್ದು ಬೆಳಕಿಂಡಿ. ಅದರ ಸುತ್ತ ಅಂಚನ್ನು ಎತ್ತರಿಸಿ, ಮಳೆ ಬಂದಾಗ ಮೇಲೆ ಕಲ್ಲು ಮುಚ್ಚುತ್ತಿದ್ದರು. ನೀರು ತಡೆಯುವ ಹೊಣೆ ಎತ್ತರದ ಮೇಲೆ, ಮುಚ್ಚಳದ ಮೇಲೆ ಇತ್ತು.

ಇದೇ ಬುದ್ಧಿ ನಮ್ಮ ಸೀಮೆಯಲ್ಲಿ ಚಾಲುಕ್ಯರಷ್ಟು ಹಳೆಯದು. ಐಹೊಳೆಯ ಲಾಡಖಾನ್ ಗುಡಿಯ ಇಳಿಜಾರು ಮಾಡನ್ನು ಗಮನಿಸಿ. ಅಗಲವಾದ ಹಾಸುಗಲ್ಲುಗಳ ನಡುವಿನ ಸಂದುಗಳನ್ನು ಗಾರೆಗೆ ಬಿಟ್ಟಿಲ್ಲ. ಪ್ರತಿ ಸಂದಿನ ಮೇಲೂ ಉದ್ದನೆಯ ಪಟ್ಟಿಗಲ್ಲನ್ನು ಹೊದಿಸಿದ್ದಾರೆ. ಪಟ್ಟಿಯ ಮೇಲೆ ಬಿದ್ದ ನೀರು ಆಚೀಚೆಯ ಹಾಸಿಗೆ ಜಾರಿ ಕೆಳಗೆ ಹರಿಯಬೇಕು. ಪ್ರವಾಸಿಗರು ಕಂಬಗಳ ಫೋಟೊ ತೆಗೆದುಕೊಂಡು ಹೊರಟುಬಿಡುತ್ತಾರೆ. ಗೌಂಡಿಗಳನ್ನು ಮಾತ್ರ ಒಮ್ಮೆ ಆ ಮಾಡಿನ ಮುಂದೆ ನಿಲ್ಲಿಸಬೇಕು.

ಪೈಪಿನ ಬುಡಕ್ಕೂ ಮಾಡಬೇಕಾದದ್ದು ಇಷ್ಟೇ. ಮೆತ್ತಿದ ಸಿಮೆಂಟನ್ನೆಲ್ಲ ಕೆತ್ತಿ ತೆಗೆದು, ಪೈಪಿಗೆ ತಾಗದಂತೆ ಬೆರಳು ಜಾಗ ಬಿಟ್ಟು, ಸುತ್ತಲೂ ಅರ್ಧ ಅಡಿ ಎತ್ತರದ ಕಟ್ಟೆ ಕಟ್ಟಬೇಕು. ಕಟ್ಟೆಯ ತಲೆ ಹೊರಕ್ಕೆ ಇಳಿಜಾರಾಗಿರಲಿ. ಆಮೇಲೆ ತಗಡಿನಲ್ಲಿ ಛತ್ರಿಯಂಥ ಕೊರಳಪಟ್ಟಿ ಮಾಡಿಸಿ, ಪೈಪಿಗೆ ಮಾತ್ರ ಬಿಗಿಸಿ, ಅದರ ಅಂಚು ಕಟ್ಟೆಯಿಂದ ಹೊರಚಾಚಿ ಕೆಳಗಿಳಿಯುವಂತೆ ಬಿಡಬೇಕು. ಪೈಪು ಎಷ್ಟು ಹಿಗ್ಗಿದರೂ ಕಟ್ಟೆಗೆ ನೋವಿಲ್ಲ. ವಾಟರ್‌ಪ್ರೂಫ್ ಡಬ್ಬಿಗಳ ಮೇಲೆ ನನಗೆ ಅಷ್ಟೇನೂ ಭರವಸೆಯಿಲ್ಲ. ಕಾಯುವ ಪೈಪಿನ ಪಕ್ಕದಲ್ಲಿ ಅವಕ್ಕೆ ಆಯುಷ್ಯ ಕಡಿಮೆ. ಪೈಪಿನ ನೆತ್ತಿಗೆ ತಗಡಿನ ಟೋಪಿ ಬೇಕೇ ಬೇಕು, ಆದರೆ ಹೊಗೆ ಹೋಗಲು ಸುತ್ತ ತೆರಪಿರಬೇಕು.

ಇಷ್ಟು ಮಾಡಿಯೂ ಕಲೆ ಬಂದರೆ? ಅದು ಮಳೆ ನೀರೇ ಅಲ್ಲದಿರಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ಕೇಂದ್ರದ ಒಲೆಯೂ ಅದರಂಥ ಹೊಗೆರಹಿತ ಒಲೆಗಳೂ ಹಳ್ಳಿಗಳಿಗೆ ಬಂದಾಗ ಹೊಗೆ ಪೈಪು ಜೊತೆಗೇ ಬಂತು. 2016ರಲ್ಲಿ ಉಜ್ವಲಾ ಯೋಜನೆ ಆರಂಭವಾದ ಮೇಲೆ ಗ್ಯಾಸು ಇನ್ನಷ್ಟು ಮನೆಗಳನ್ನು ಮುಟ್ಟಿತು. ಒಲೆ ಆಗೀಗ ರೊಟ್ಟಿಗೆ, ನೀರು ಕಾಯಿಸಲಿಕ್ಕೆ ಉಳಿಯಿತು. ದಿನವೂ ಕಾಯ್ದು ತನ್ನನ್ನು ತಾನೇ ಒಣಗಿಸಿಕೊಳ್ಳುತ್ತಿದ್ದ ಪೈಪು ತಣ್ಣಗಾಯಿತು. ಹಸಿ ಕುಳ್ಳು, ಹಸಿ ಹತ್ತಿ ಕಟ್ಟಿಗೆ ಉರಿಸಿದರೆ ಹೊಗೆಯಲ್ಲಿರುವ ನೀರಾವಿ ತಣ್ಣನೆಯ ಪೈಪಿನೊಳಗೇ ಕಂದು ನೀರಾಗಿ ಇಳಿಯುತ್ತದೆ. ವರ್ಷಗಟ್ಟಲೆ ಗೋಡೆ ಹೀರಿದ ಮಸಿಯಲ್ಲಿ ಲವಣಗಳೂ ಇರುತ್ತವೆ. ಮೋಡ ಕವಿದ ದಿನ ಅವು ಗಾಳಿಯ ತೇವವನ್ನೇ ಎಳೆದುಕೊಳ್ಳುತ್ತವೆ. ಹನಿ ಮಳೆಯಿಲ್ಲದೆ ಗೋಡೆ ಹಸಿಯಾಗುವುದು ಹೀಗೆ.

ಯಾವುದೆಂದು ಪತ್ತೆ ಹಚ್ಚಲು ಬೇಸಿಗೆಯಲ್ಲಿ, ಒಲೆ ಆರಿದ್ದಾಗ, ಮಾಳಿಗೆ ಹತ್ತಿ ಮೊದಲು ಪೈಪಿನ ಬುಡದಲ್ಲಷ್ಟೇ ಕೊಡ ನೀರು ನಿಧಾನ ಹೊಯ್ಯಿರಿ. ತಾಸು ಬಿಟ್ಟು ಒಳಗೆ ನೋಡಿ. ಹಸಿಯಾಗದಿದ್ದರೆ ಟೋಪಿಯ ಮೇಲೆ ಹೊಯ್ಯಿರಿ. ಎರಡಕ್ಕೂ ಗೋಡೆ ಜಗ್ಗದಿದ್ದರೆ ಲವಣ ಇಲ್ಲವೆ ಕಂದು ನೀರು ಎಂದು ತಿಳಿಯಿರಿ. ಲವಣ ಹಿಡಿದ ಗಿಲಾವನ್ನು ಇಟ್ಟಿಗೆ, ಕಲ್ಲು ಕಾಣುವವರೆಗೆ ಕೆತ್ತಿ, ಒಣಗಲು ಬಿಟ್ಟು, ಸುಣ್ಣದ ಗಾರೆಯಿಂದ ಹೊಸದಾಗಿ ಗಿಲಾವು ಮಾಡಿಸಬೇಕು. ಮೇಲೆ ಎಣ್ಣೆ ಬಣ್ಣ ಬಳಿದರೆ ತೇವ ಒಳಗೇ ಕೊಳೆಯುತ್ತದೆ. ಪೈಪು ಹಳೆಯ ಕಲ್ನಾರಿನದಾಗಿದ್ದರೆ ಕೊರೆಯಬೇಡಿ, ಒಡೆಯಬೇಡಿ. ಅದರ ಧೂಳು ಪುಪ್ಪುಸಕ್ಕೆ ವಿಷ. ನೀರು ಚಿಮುಕಿಸಿ ನೆನೆಸಿ, ಇಡಿಯಾಗಿ ಇಳಿಸಬೇಕು.

ಒಲೆಯನ್ನೇ ಬಿಟ್ಟವರು ಪೈಪನ್ನು ಸ್ಲ್ಯಾಬಿನ ಮೇಲೆ ಕತ್ತರಿಸಿ ಸಿಮೆಂಟು ತುಂಬಿಬಿಡುವುದುಂಟು. ಮೇಲೆ ಕೆಳಗೆ ಎರಡೂ ಬಾಯಿ ಮುಚ್ಚಿದ ಕೊಳವೆಯಲ್ಲಿ ತೇವಕ್ಕೆ ಹೊರಬರುವ ದಾರಿಯಿಲ್ಲ. ಪೂರ್ತಿ ತೆಗೆಸುವಷ್ಟು ದುಡ್ಡಿಲ್ಲದಿದ್ದರೆ ಟೋಪಿ ಹಾಗೇ ಇರಲಿ, ಕೆಳಗೆ ಗೋಡೆಯಲ್ಲಿ ಅಂಗೈಯಗಲದ ಜಾಲರಿ ಕೂಡಿಸಿ ಗಾಳಿ ಆಡಲು ಬಿಡಿ.