ಬಂಡೆಯೊಳಗಿನ ನೀರಿನ ಜಾಡು ಹಿಡಿಯುವ ಓದು

2024ರ ಜುಲೈಯಲ್ಲಿ ಗೋವಾದ ಪೆರ್ನೆಂ ಸುರಂಗದೊಳಗೆ ನೀರು ಉಕ್ಕಿ ಕೊಂಕಣ ರೈಲು ನಿಂತುಹೋದದ್ದು ಮುಂಬೈಗೆ ಹೋಗಿಬರುವ ನಮ್ಮ ಅನೇಕ ಕುಟುಂಬಗಳಿಗೆ ನೆನಪಿರಬಹುದು. ಕೆಲವು ರೈಲು ರದ್ದಾದವು, ಕೆಲವು ಸುತ್ತುದಾರಿ ಹಿಡಿದವು. ಅದೇ ಸುರಂಗದ ಗೋಡೆ 2020ರ ಆಗಸ್ಟ್‌ನಲ್ಲಿ ಕುಸಿದಿತ್ತು. ಎರಡೂ ಸಲ ಮಳೆಗಾಲವೇ.

ಗುಡ್ಡದ ಮೇಲೆ ಬಿದ್ದ ಮಳೆ ಒಳಗೆ ಯಾವ ದಾರಿಯಲ್ಲಿ ಇಳಿಯುತ್ತದೆ? ಬಂಡೆ ಎಲ್ಲಿ ಗಟ್ಟಿ ನಿಲ್ಲುತ್ತದೆ, ಎಲ್ಲಿ ಕೈಕೊಡುತ್ತದೆ? ಇದನ್ನೇ ಪಿಎಚ್‌ಡಿಗೆ ವಿಷಯವಾಗಿ ತೆಗೆದುಕೊಂಡು ವರ್ಷಗಟ್ಟಲೆ ಓದುವವರಿದ್ದಾರೆ. ಮಗ ಸಿವಿಲ್ ಎಂಜಿನಿಯರಿಂಗ್ ಮುಗಿಸಿದ ಕೂಡಲೇ ಗಲ್ಫ್ ವೀಸಾದ ಮಾತು ಬರುವ ನಮ್ಮ ಮನೆಗಳಲ್ಲಿ ಈ ಓದಿನ ಸುದ್ದಿ ಬರುವುದು ಕಡಿಮೆ.

ಬಿರುಕಿನಲ್ಲಿದೆ ನೀರು

ಕರಿಕಲ್ಲಿನಲ್ಲಿ ಎಲ್ಲಿಯ ನೀರು ಎನ್ನುತ್ತೇವೆ. ಕಲ್ಲಿನಲ್ಲಿಲ್ಲ, ಅದರ ಬಿರುಕಿನಲ್ಲಿದೆ. ಅದಕ್ಕೇ ಒಬ್ಬರ ಬೋರ್‌ವೆಲ್‌ಗೆ ಬೇಗ ನೀರು ಸಿಕ್ಕಿದರೆ ಪಕ್ಕದ ಮನೆಯವರದ್ದರಲ್ಲಿ ಬರೀ ಧೂಳು. ಮಕ್ಕಾದ ಝಂಝಂ ಬಾವಿ ಸುಮಾರು 30 ಮೀಟರ್ ಆಳ. ಮೇಲಿನ ಭಾಗ ಕಣಿವೆಯ ಮರಳು-ಮಣ್ಣು, ಕೆಳಗಿನ ಭಾಗ ಗಟ್ಟಿ ಬಂಡೆ. ಆ ಬರಕತ್ತಿನ ನೀರನ್ನು ಕಾಪಾಡಲು ಸೌದಿ ಭೂವಿಜ್ಞಾನ ಇಲಾಖೆಯಲ್ಲಿ ಪ್ರತ್ಯೇಕ ಅಧ್ಯಯನ ಕೇಂದ್ರವೇ ಇದೆ.

ಸುರಂಗ ಕೊರೆಯುವುದೆಂದರೆ ಈ ಬಿರುಕುಗಳ ಬಾಯಿ ತೆರೆಯುವುದು. ನೀರು ಕೆಳಗೆ ಸೋರಿದರೆ ಮೇಲಿನ ಬಾವಿ, ತೋಡು, ಕೆರೆ ಇಳಿಯುತ್ತವೆ. ನಾರ್ವೆಯ ಓಸ್ಲೊ ಬಳಿ 14.5 ಕಿ.ಮೀ. ಉದ್ದದ ರೊಮೆರಿಕ್ಸ್‌ಪೋರ್ಟೆನ್ ರೈಲು ಸುರಂಗ ಕೊರೆಯುವಾಗ, 1997ರ ಹೊತ್ತಿಗೆ, ಮೇಲಿನ ಕಾಡಿನ ಕೆರೆಗಳ ನೀರೇ ಇಳಿಯಿತು, ಮನೆಗಳಿಗೂ ಹಾನಿಯಾಯಿತು. ಸ್ವೀಡನ್ನಿನ ಹಲ್ಲಂಡ್ಸೋಸ್‌ನಲ್ಲಿ ಸೋರಿಕೆ ತಡೆಯಲು ತುಂಬಿದ ರಾಸಾಯನಿಕದ ವಿಷ ಅದೇ ವರ್ಷ ನೀರಿಗೆ ಸೇರಿ ಮೀನುಗಳು ಸತ್ತವು, ದನಗಳು ಕಾಯಿಲೆ ಬಿದ್ದವು. 1992ರಲ್ಲಿ ಶುರುವಾದ 8.7 ಕಿ.ಮೀ. ಕೆಲಸ ಮುಗಿದು ರೈಲು ಓಡಿದ್ದು 2015ರಲ್ಲಿ.

ನಮ್ಮಲ್ಲಿ ಇದರ ತಿರುವುಮುರುವು ನೋಡಬಹುದು. ಕಾಸರಗೋಡು, ಬಂಟ್ವಾಳ ಕಡೆಯ ಗುಡ್ಡಗಳಲ್ಲಿ ನೀರು ಬರಲೆಂದೇ ಮುರಕಲ್ಲಿಗೆ ಅಡ್ಡಲಾಗಿ ಸುರಂಗ ತೋಡುತ್ತಾರೆ. ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರು ಒಬ್ಬರೇ ತೋಡಿದ ಸುರಂಗಗಳಲ್ಲಿ ಮೊದಲಿನವು ಒಣಗಿಯೇ ಉಳಿದವು. ಬಿಡದೆ ತೋಡಿ ನೀರು ತಂದ ಅವರಿಗೆ 2022ರಲ್ಲಿ ಪದ್ಮಶ್ರೀ ಬಂತು.

ಸಂಶೋಧಕರ ಕೆಲಸವೇನು?

ಕೊರೆಯುವ ಮೊದಲೇ ಸುತ್ತಲಿನ ಬಾವಿಗಳ ನೀರಿನ ಮಟ್ಟ ಅಳೆದು ಬರೆದಿಡಬೇಕು. ನಂತರ ಬಂಡೆಗೆ ರಂಧ್ರ ಕೊರೆದು, ಅದರ ಒಂದು ಭಾಗವನ್ನು ಮುಚ್ಚಿ, ಒತ್ತಡದಲ್ಲಿ ನೀರು ತುಂಬಿ ನೋಡುತ್ತಾರೆ. 10 ಬಾರ್ ಒತ್ತಡದಲ್ಲಿ ಮೀಟರಿಗೆ ನಿಮಿಷಕ್ಕೆ ಒಂದು ಲೀಟರ್ ನೀರು ಎಳೆದುಕೊಂಡರೆ ಅದು ಒಂದು ಲುಜಿಯೋನ್. ಸ್ವಿಸ್ ಭೂವಿಜ್ಞಾನಿ ಮಾರಿಸ್ ಲುಜಿಯೋನ್ ಹೆಸರಿನ ಅಳತೆ ಇದು.

ಬಂಡೆಗೂ ನಮ್ಮ ಮಕ್ಕಳ ಹಾಗೆ ಅಂಕ ಕೊಡುತ್ತಾರೆ. ಹೆಚ್ಚು ಬಳಕೆಯಲ್ಲಿರುವ ಒಂದು ಪದ್ಧತಿಯಲ್ಲಿ 100ರಲ್ಲಿ 15 ಅಂಕ ನೀರಿನ ಸ್ಥಿತಿಗೇ ಮೀಸಲು. ಪೂರ್ತಿ ಒಣಗಿದ್ದರೆ 15, ನೀರು ಹರಿಯುತ್ತಿದ್ದರೆ ಸೊನ್ನೆ. ಕಾರಣವಿದೆ. ಬಿರುಕಿನೊಳಗೆ ನೀರಿನ ಒತ್ತಡ ಏರಿದಷ್ಟೂ ಕಲ್ಲಿಗೆ ಕಲ್ಲಿನ ಹಿಡಿತ ಸಡಿಲವಾಗುತ್ತದೆ, ಚಾವಣಿಯ ತುಂಡು ಜಾರುತ್ತದೆ. ಆಗ ಕೆಳಗೆ ನಿಂತಿರುವವನು ಕೂಲಿ ಕಾರ್ಮಿಕ.

ಈ ಓದಿನ ದಾರಿ

ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯಲ್ಲಿ 57 ರೈಲು ಸುರಂಗಗಳಿವೆ. ಶಿರಾಡಿಯಲ್ಲಿ ರಸ್ತೆ ಸುರಂಗದ ಮಾತು ವರ್ಷಗಳಿಂದ ಇದೆ. ಕೆಲಸ ಬಂದಾಗ ಟೆಂಡರ್ ಹಾಕುವವರು ಸಿಕ್ಕಿಯೇ ಸಿಗುತ್ತಾರೆ. ಗುಡ್ಡದ ಮೇಲಿನ ಮನೆಯವರ ಬಾವಿಯ ಲೆಕ್ಕ ಕೇಳುವವರು ಯಾರು? ಅದಕ್ಕೆ ಓದಿದವರೇ ಬೇಕು.

ಸಿವಿಲ್ ಎಂಜಿನಿಯರಿಂಗ್ ಅಥವಾ ಭೂವಿಜ್ಞಾನದ ಪದವಿ, ಗೇಟ್ ಪರೀಕ್ಷೆ, ಎಂ.ಟೆಕ್., ಆಮೇಲೆ ಪಿಎಚ್‌ಡಿ. ಮನೆಬಾಗಿಲಲ್ಲೇ ಸುರತ್ಕಲ್ ಎನ್‌ಐಟಿಕೆ ಇದೆ. ಬೆಂಗಳೂರಿನಲ್ಲಿ ರಾಷ್ಟ್ರೀಯ ಶಿಲಾ ಯಂತ್ರವಿಜ್ಞಾನ ಸಂಸ್ಥೆ ಇದೆ. ನಾರ್ವೆಯಲ್ಲಿ ಪಿಎಚ್‌ಡಿ ಎಂದರೆ ಸಂಬಳ ಬರುವ ಉದ್ಯೋಗವೇ. ಹುಡುಗಿಯರಿಗೂ ಇದರಲ್ಲಿ ಜಾಗವಿದೆ. ಲೆಕ್ಕ, ಪ್ರಯೋಗಾಲಯ, ಕಂಪ್ಯೂಟರ್ ಮಾದರಿಯ ಕೆಲಸ ಧಾರಾಳ. ಮಗಳು ಇನ್ನೂ ಓದುತ್ತೇನೆ ಎಂದರೆ ಉಮ್ಮ-ಬಾಪ ಬೇಡ ಎನ್ನಬಾರದು.

ಪಿಎಚ್‌ಡಿ ಮಾಡದವರೂ ಒಂದು ಕೆಲಸ ಮಾಡಬಹುದು. ತಿಂಗಳಿಗೊಮ್ಮೆ ಬಾವಿಗೆ ಹಗ್ಗ ಇಳಿಸಿ, ನೀರಿನ ಮಟ್ಟ ಅಳೆದು, ದಿನಾಂಕದ ಜೊತೆ ಪುಸ್ತಕದಲ್ಲಿ ಬರೆದಿಡಿ. ನಾಳೆ ಊರಿಗೆ ಸುರಂಗವೋ ಕ್ವಾರಿಯೋ ಬಂದು ಬಾವಿ ಬತ್ತಿದರೆ, ಮೊದಲು ಎಷ್ಟು ನೀರಿತ್ತು ಎಂದು ತೋರಿಸಲು ನಿಮ್ಮ ಕೈಯಲ್ಲಿ ಅದೊಂದು ದಾಖಲೆಯಾದರೂ ಇರುತ್ತದೆ.