ಟಬ್ಬು ಬಿಚ್ಚುತ್ತಾ?

ಬೇರಿಂಗ್ ಹೋದ ವಾಷಿಂಗ್ ಮಷೀನಿನ ಗುಟ್ಟು ಅಕ್ಕಪಕ್ಕದ ಮೂರು ಮನೆಗೆ ಗೊತ್ತಿರುತ್ತದೆ. ಒಗೆಯುವಾಗ ಸುಮ್ಮನಿದ್ದದ್ದು ಹಿಂಡುವ ಹೊತ್ತಿಗೆ ಹಿಟ್ಟಿನ ಗಿರಣಿಯಾಗುತ್ತದೆ. ಯುಟಿಲಿಟಿಯ ನೆಲ ಅದುರುತ್ತದೆ, ಅಡುಗೆಕಟ್ಟೆಯ ಮೇಲಿನ ಲೋಟಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತವೆ, ಮಷೀನು ತಾನೇ ಅರ್ಧ ಗೇಣು ಮುಂದೆ ನಡೆದು ಬಂದಿರುತ್ತದೆ. ಮನೆಯವರು ಮೊದಮೊದಲು ಟಿವಿ ಸದ್ದು ಜಾಸ್ತಿ ಮಾಡಿಕೊಳ್ಳುತ್ತಾರೆ. ಆಮೇಲೆ ಹಿಂಡುವ ಸ್ಪೀಡನ್ನು ಸಾವಿರದಿಂದ ಎಂಟುನೂರಕ್ಕೆ, ಅಲ್ಲಿಂದ ನಾನೂರಕ್ಕೆ ಇಳಿಸುತ್ತಾರೆ. ನಾನೂರರಲ್ಲಿ ಹಿಂಡಿದ ಜೀನ್ಸ್ ಪ್ಯಾಂಟು ಮಳೆಗಾಲದಲ್ಲಿ ಎರಡು ದಿನವಾದರೂ ಒಣಗುವುದಿಲ್ಲ. ಆಗ ಊಟದ ಹೊತ್ತಿನಲ್ಲಿ ಮಾತು ಏಳುತ್ತದೆ: ರಿಪೇರಿಯೋ, ಹೊಸದೋ?

ಈ ಮಾತು ಕೊನೆಗೆ ಬಂದು ಮುಟ್ಟುವ ಜಾಗಗಳಲ್ಲೊಂದು ಬೆಂಗಳೂರಿನ ಕತ್ರಿಗುಪ್ಪೆ ಕಡೆಯ ಅಡ್ಡರಸ್ತೆಯೊಂದರಲ್ಲಿದೆ. ಒಂದೇ ಶಟರಿನ ಅಂಗಡಿ. ಒಳಗೆ ಇಬ್ಬರು ನಿಂತರೆ ಮೂರನೆಯವರು ಬಾಗಿಲಲ್ಲೇ ಉಳಿಯಬೇಕು. ಹಾಗಾಗಿ ವ್ಯವಹಾರವೆಲ್ಲ ಫುಟ್‌ಪಾತಿನ ಮೇಲೆ. ಹೊರಮೈ ಕಳಚಿದ ಫ್ರಂಟ್ ಲೋಡ್ ಮಷೀನುಗಳು ಸಾಲಾಗಿ ನಿಂತಿವೆ. ಬಿಳಿ ತಗಡು ಹೋದ ಮೇಲೆ ಎಲ್ಲ ಕಂಪನಿಯದೂ ಒಂದೇ ಕಥೆ: ಸ್ಪ್ರಿಂಗಿಗೆ ನೇತುಬಿದ್ದ ಪ್ಲಾಸ್ಟಿಕ್ ಟಬ್ಬು, ಕೆಳಗೆ ಶಾಕ್ ಅಬ್ಸಾರ್ಬರ್, ಮೇಲೂ ಮುಂದೂ ಬಿಗಿದ ಕಾಂಕ್ರೀಟ್ ಗಟ್ಟಿಗಳು. ನಿಮಿಷಕ್ಕೆ ಸಾವಿರ ಸಲ ತಿರುಗುವ ಡ್ರಮ್ಮು ಮಷೀನನ್ನೇ ಎತ್ತಿ ಕುಣಿಸಬಾರದಲ್ಲ, ಅದಕ್ಕೆ ಈ ಭಾರ. ಕೂಲಿಯವರು ಏದುಸಿರು ಬಿಡುತ್ತಾ ಮೂರನೇ ಮಹಡಿಗೆ ಹೊತ್ತು ತರುವುದರಲ್ಲಿ ದೊಡ್ಡ ಪಾಲು ಸಿಮೆಂಟೇ.

ಅಂಥದೊಂದು ಗಟ್ಟಿ ಈಗ ಅಂಗಡಿಗೆ ಮೆಟ್ಟಿಲಾಗಿದೆ. ಒಂದು ಸ್ಟೀಲ್ ಡ್ರಮ್ಮಿನಲ್ಲಿ ಕರಿಬೇವಿನ ಗಿಡ ಎದೆಯೆತ್ತರ ಬೆಳೆದಿದೆ. ನೀರು ಬಸಿಯಲು ತೂತುಗಳಿಗೇನೂ ಕೊರತೆಯಿಲ್ಲ. ಒಳಗೋಡೆಯ ಮೊಳೆಗಳಿಗೆ ಮಷೀನುಗಳ ಸರ್ಕ್ಯೂಟ್ ಬೋರ್ಡುಗಳನ್ನು ತೂಗುಹಾಕಿದ್ದಾರೆ. ಒಂದರ ಮೇಲೆ ಒಣಗಿ ಅಂಟಿಕೊಂಡ ಹಲ್ಲಿ. ಬೆಚ್ಚಗಿದೆಯೆಂದು ಒಳಗೆ ನುಗ್ಗಿ ಎರಡು ಕಡೆ ಕಾಲಿಟ್ಟದ್ದೇ ತಡ, ತಾನೂ ಸತ್ತು ಬೋರ್ಡನ್ನೂ ಸುಟ್ಟಿತು. ಮೇಜಿನ ಮೇಲಿನ ಹಳೆಯ ಹಾರ್ಲಿಕ್ಸ್ ಬಾಟಲಿಯಲ್ಲಿ ಡ್ರೈನ್ ಪಂಪುಗಳಿಂದ ಹೊರತೆಗೆದ ಮಾಲು: ನಾಣ್ಯ, ಸೇಫ್ಟಿ ಪಿನ್ನು, ಹೇರ್ ಪಿನ್ನು, ಷರಟಿನ ಗುಂಡಿ, ಒಂದು ಕಾಲುಂಗುರ. ಕಾಲುಂಗುರ ಬೆಳ್ಳಿಯದೇ. ಯಾರೂ ಕೇಳಿಕೊಂಡು ಬಂದಿಲ್ಲವಂತೆ.

ಬೆಳಗ್ಗೆ ಹತ್ತೂವರೆಗೆ ಗೂಡ್ಸ್ ಆಟೊದಲ್ಲಿ ಒಂದು ಮಷೀನು ಬಂತು. ಹಿಂದೆಯೇ ಸ್ಕೂಟರಿನಲ್ಲಿ ಗಂಡ, ಹೆಂಡತಿ. ಅತ್ತೆ ಆಟೊದಲ್ಲಿ ಡ್ರೈವರ್ ಪಕ್ಕ ಕೂತು ಮಷೀನಿನ ಜೊತೆಗೇ ಬಂದಿದ್ದರು. ಒಂಬತ್ತು ವರ್ಷದ ಮಷೀನು. ಗಂಡನಿಗೆ ಹೊಸದರ ಮೇಲೆ ಮನಸ್ಸು, ಮೊಬೈಲಿನಲ್ಲಿ ಆಫರ್ ತೆರೆದುಕೊಂಡೇ ಇಳಿದರು.

ಮೆಕ್ಯಾನಿಕ್ ಮಾತಾಡಲಿಲ್ಲ. ಬಾಗಿಲು ತೆಗೆದು ಡ್ರಮ್ಮಿನ ಮೇಲಂಚಿಗೆ ಎರಡು ಬೆರಳು ಕೊಟ್ಟು ಮೇಲೆತ್ತಿ ಬಿಟ್ಟರು. ಡ್ರಮ್ಮು ಟಬ್ಬಿನೊಳಗೆ ಬೆರಳಗಲ ಆಡಿತು. ಕೈಯಿಂದ ಒಂದು ಸುತ್ತು ತಿರುಗಿಸಿದರು. ಒಳಗೆ ಜಲ್ಲಿ ಉರುಳಿದ ಸದ್ದು. ಹಿಂದಿನ ತಗಡು ಬಿಚ್ಚಿ ಟಾರ್ಚ್ ಬಿಟ್ಟರು. ಪುಲ್ಲಿಯ ನಡುವಿನಿಂದ ಟಬ್ಬಿನ ಬೆನ್ನ ಮೇಲೆ ಕೆಳಗಿಳಿದ ಕಂದು ಕಲೆ, ಒಣಗಿದ್ದು, ಅದರ ಮೇಲೆ ಹಸಿಯದು.

‘ಆಯಿಲ್ ಸೀಲ್ ಹೋಗಿ ವರ್ಷದ ಮೇಲಾಯ್ತಮ್ಮ. ನೀರು ಬೇರಿಂಗಿಗೆ ಇಳಿದಿದೆ.’

ಇಷ್ಟು ಹೇಳಿ ಟಬ್ಬಿನ ನಡುಪಟ್ಟಿಯ ಉದ್ದಕ್ಕೂ ಬೆರಳಾಡಿಸಿದರು. ಅಲ್ಲಿ ವರಸೆಯಾಗಿ ಸ್ಕ್ರೂಗಳಿದ್ದವು. ‘ಬಿಚ್ಚುತ್ತೆ’ ಅಂದರು. ಆ ಒಂದು ಮಾತಿಗೆ ಅತ್ತೆ ಕಾಂಕ್ರೀಟ್ ಮೆಟ್ಟಿಲ ಮೇಲೆ ಕೂತರು.

ರಿಪೇರಿ ಖರ್ಚು ಹೊಸದರ ಅರ್ಧ ಬೆಲೆ ದಾಟಿದರೆ ಹೊಸದು ತಗೊಳ್ಳಿ ಎಂಬ ಲೆಕ್ಕವೊಂದು ಎಲ್ಲರ ಬಾಯಲ್ಲಿದೆ. ಕೇಳಲು ಚೆನ್ನಾಗಿದೆ. ಆದರೆ ಈ ಫುಟ್‌ಪಾತಿನಲ್ಲಿ ಅರ್ಧ ದಿನ ನಿಂತವರಿಗೆ ಆ ಲೆಕ್ಕ ಎಲ್ಲೋ ತಪ್ಪಿದೆ ಅನ್ನಿಸುತ್ತದೆ. ಖರ್ಚು ಎಷ್ಟಾಗುತ್ತದೆಂಬುದನ್ನು ಮಷೀನಿನ ವಯಸ್ಸಾಗಲಿ ಕೆಟ್ಟ ಭಾಗವಾಗಲಿ ತೀರ್ಮಾನಿಸುವುದಿಲ್ಲ. ಟಬ್ಬಿನ ಎರಡು ಹೋಳುಗಳನ್ನು ಫ್ಯಾಕ್ಟರಿಯಲ್ಲಿ ಸ್ಕ್ರೂ ಹಾಕಿ ಸೇರಿಸಿದರೋ, ಕಾಯಿಸಿ ಬೆಸೆದರೋ, ಅದೇ ತೀರ್ಮಾನ. ಬೆಸೆದರೆ ಜೋಡಿಸುವ ಕೆಲಸ ಬೇಗ ಮುಗಿಯುತ್ತದೆ, ನಡುವೆ ರಬ್ಬರ್ ಗ್ಯಾಸ್ಕೆಟ್ ಬೇಕಿಲ್ಲ, ಸೋರುವ ಭಯವೂ ಕಡಿಮೆ. ಕಂಪನಿಯ ಕಾರಣ ಸುಳ್ಳಲ್ಲ. ಆದರೆ ಬೆಸೆದ ಟಬ್ಬಿನೊಳಗೆ ಕೆಲವೇ ನೂರು ರೂಪಾಯಿಯ ಬೇರಿಂಗ್ ಹೋದರೂ ಟಬ್ಬು, ಡ್ರಮ್ಮು ಸಮೇತ ಇಡೀ ಸೆಟ್ಟನ್ನೇ ಬದಲಾಯಿಸಬೇಕು. ನಾವು ಕೂತು ಚರ್ಚಿಸುವ ಪ್ರಶ್ನೆಗೆ ಮಷೀನು ಮನೆಗೆ ಬರುವ ಮೊದಲೇ ಯಾರೋ ಉತ್ತರ ಬರೆದಿಟ್ಟಿರುತ್ತಾರೆ.

ಮಧ್ಯಾಹ್ನದ ಹೊತ್ತಿಗೆ ಟಬ್ಬು ಎರಡು ಹೋಳಾಯಿತು. ಹಳೇ ಬೇರಿಂಗನ್ನು ಸುತ್ತಿಗೆಯಿಂದ ಹೊಡೆದು ಹೊರತೆಗೆದಾಗ ಗುಂಡುಗಳ ಜಾಗದಲ್ಲಿ ಕೆಂಪು ಕೆಸರು. ಬಟ್ಟೆಯಲ್ಲಿ ಉಜ್ಜಿ ಅಂಚಿನ ನಂಬರ್ ಓದಿದರು: 6205, 6206. ಬೇರಿಂಗಿನ ಈ ನಂಬರಿಗೆ ಕಂಪನಿಯ ಹಂಗಿಲ್ಲ. ಕೊನೆಯ ಎರಡಂಕಿಯನ್ನು ಐದರಿಂದ ಗುಣಿಸಿದರೆ ಒಳತೂತಿನ ಅಳತೆ ಮಿಲಿಮೀಟರಿನಲ್ಲಿ ಸಿಗುತ್ತದೆ, ಇಪ್ಪತ್ತೈದು, ಮೂವತ್ತು. ಎಸ್.ಪಿ. ರಸ್ತೆಯ ಕಡೆ ಹೋಗಿ ನಂಬರ್ ಹೇಳಿದರೆ ಸಾಕು, ಕೊಡುವವನು ಯಾವ ಮಷೀನಿಗೆಂದು ಕೇಳುವುದೂ ಇಲ್ಲ.

ನೋಡಬೇಕಾದದ್ದು ಇದ್ದದ್ದು ಡ್ರಮ್ಮಿನ ಬೆನ್ನಿನಲ್ಲಿ. ಅಲ್ಲಿ ಸ್ಪೈಡರ್ ಎಂಬ ಮೂರು ತೋಳಿನ ಅಲ್ಯೂಮಿನಿಯಂ ಎರಕ. ಇಡೀ ಡ್ರಮ್ಮಿನ ಭಾರವನ್ನು ಶಾಫ್ಟಿಗೆ ಹಿಡಿದಿಡುವುದು ಇದೇ. ಮೂರೂ ತೋಳುಗಳಿಗೆ ಬೂದುಬಣ್ಣದ ಲೋಳೆ ಮೆತ್ತಿಕೊಂಡಿತ್ತು, ಬಟ್ಟೆಯ ಎಳೆ, ಕೂದಲು, ಕರಗದ ಪೌಡರು ಎಲ್ಲ ಸೇರಿದ್ದು. ಮೆಕ್ಯಾನಿಕ್ ಸ್ಕ್ರೂಡ್ರೈವರ್ ತುದಿಯಿಂದ ಕೆರೆದರು. ಲೋಳೆಯ ಅಡಿಯಲ್ಲಿ ಬಿಳಿ ಪುಡಿ, ಪುಡಿಯ ಅಡಿಯಲ್ಲಿ ಗೆದ್ದಲು ತಿಂದಂಥ ಗುಳಿಗಳು. ಒಂದು ತೋಳಿನ ಬುಡದಲ್ಲಿ ಉಗುರು ತೂರುವಷ್ಟು ಬಿರುಕು.

‘ಪೌಡರ್ ಎಷ್ಟು ಹಾಕ್ತೀರಮ್ಮ?’

‘ಒಂದು ಕಪ್ಪು. ಮಕ್ಕಳ ಯೂನಿಫಾರಂ ಇದ್ದರೆ ಒಂದೂವರೆ.’

‘ನೀರು?’

‘ಬೋರು. ಕಾವೇರಿ ವಾರಕ್ಕೆರಡು ಸಲ, ಅದು ಕುಡಿಯೋಕೇ ಸಾಲಲ್ಲ.’

ಮೆಕ್ಯಾನಿಕ್ ತಲೆಯಾಡಿಸಿದರು. ಬೋರ್ ನೀರಿನ ಸುಣ್ಣದಂಶಕ್ಕೆ ನೊರೆ ಬರುವುದಿಲ್ಲ. ನೊರೆ ಬರಲಿಲ್ಲವೆಂದು ಕೈ ಇನ್ನಷ್ಟು ಪೌಡರ್ ಸುರಿಯುತ್ತದೆ. ಫ್ರಂಟ್ ಲೋಡಿನ ಕಡಿಮೆ ನೀರಿಗೆ ಅಷ್ಟು ಪೌಡರ್ ಕರಗುವುದಿಲ್ಲ. ಕರಗದ ಕ್ಷಾರ ಹೋಗಿ ಕೂರುವುದು ಕಣ್ಣಿಗೆ ಕಾಣದ ಡ್ರಮ್ಮಿನ ಬೆನ್ನಿಗೆ. ಅಲ್ಯೂಮಿನಿಯಂಗೆ ಕ್ಷಾರ ಆಗದು. ಸಾಲದ್ದಕ್ಕೆ ಸ್ಟೀಲಿಗೆ ತಾಗಿಕೊಂಡು ಒದ್ದೆಯಲ್ಲಿರುವ ಅಲ್ಯೂಮಿನಿಯಂ ಇನ್ನೂ ಬೇಗ ಸವೆಯುತ್ತದೆ. ಕರೆಂಟು ಉಳಿಸಲು ಸದಾ ತಣ್ಣೀರಲ್ಲೇ ಒಗೆದು, ಬಾಗಿಲನ್ನು ಕೂಡಲೇ ಮುಚ್ಚಿಡುವ ಮನೆಗಳಲ್ಲಿ ಲೋಳೆ ಒಣಗುವ ಮಾತೇ ಇಲ್ಲ. ನಮ್ಮ ಬಡಾವಣೆಗಳಲ್ಲಿ ಬಹುಪಾಲು ಮನೆಗಳ ಪದ್ಧತಿಯೇ ಇದು. ತಿಂಗಳಿಗೊಮ್ಮೆ ಬಟ್ಟೆಯಿಲ್ಲದೆ ಬಿಸಿನೀರಲ್ಲಿ ಖಾಲಿ ಓಡಿಸಿ ಎಂದು ಕಂಪನಿಯ ಪುಸ್ತಕದಲ್ಲಿ ಅಚ್ಚಾಗಿರುತ್ತದೆ. ಖಾಲಿ ಮಷೀನನ್ನು ಬಿಸಿನೀರಲ್ಲಿ ಓಡಿಸುವ ಅತ್ತೆಯಂದಿರು ನಮ್ಮಲ್ಲಿ ಹುಟ್ಟಿಲ್ಲ.

ಬೇರಿಂಗ್ ಎರಡು, ಸೀಲು, ಸ್ಪೈಡರ್, ಕೂಲಿ ಸೇರಿ 4,800 ರೂಪಾಯಿ ಅಂದರು. ಗಂಡನ ಮೊಬೈಲಿನಲ್ಲಿ ಹೊಸದು 29,990, ಹಳೆಯದಕ್ಕೆ ಎಕ್ಸ್‌ಚೇಂಜ್ 2,000.

‘ಇಷ್ಟು ಹಾಕಿದ ಮೇಲೆ ಮೋಟರ್ ಹೋದರೆ?’

‘ಕಾರ್ಬನ್ ಬ್ರಷ್ ಮೋಟರ್ ಸರ್ ಇದು. ಬ್ರಷ್ ಸವೆಯುತ್ತೆ, ಬದಲಾಯಿಸಿದರೆ ಮತ್ತೆ ಓಡುತ್ತೆ.’

‘ಬೋರ್ಡ್ ಹೋದರೆ?’

ಅದಕ್ಕೆ ಮೆಕ್ಯಾನಿಕ್ ಗೋಡೆ ಕಡೆ, ಹಲ್ಲಿ ಕಡೆ ನೋಡಿ ಸುಮ್ಮನಾದರು. ಪ್ರಾಮಾಣಿಕ ಉತ್ತರವೇ. ಹೆಂಡತಿ ‘ಮಾಡಿಸೋಣ ರೀ’ ಅಂದರು. ‘ಈಗಲೇ ತಗೊಂಡರೆ ಹೊಸದೂ ಇದೇ ನೀರು ಕುಡಿಯಬೇಕು.’ ಅತ್ತೆ ಮಾತ್ರ, ಕೆಲಸ ಮುಗಿಯುವವರೆಗೆ ಬಟ್ಟೆ ಯಾರು ಒಗೆಯುವುದೆಂದು ಕೇಳಿದರು. ಅದಕ್ಕೆ ಯಾರೂ ಉತ್ತರ ಕೊಡಲಿಲ್ಲ.

ಬಿಡಿಭಾಗದ ಮಾತಿಗೆ ಕೆಲವು ಕಡೆ ಕಾನೂನಿನ ಆಸರೆಯೂ ಇದೆ. ಯುರೋಪಿಯನ್ ಒಕ್ಕೂಟದಲ್ಲಿ 2021ರ ಮಾರ್ಚ್‌ನಿಂದ ವಾಷಿಂಗ್ ಮಷೀನಿನ ಮುಖ್ಯ ಬಿಡಿಭಾಗಗಳನ್ನು, ಮಾದರಿ ಮಾರುಕಟ್ಟೆಯಿಂದ ಹೋದ ಮೇಲೂ ಹತ್ತು ವರ್ಷ ಒದಗಿಸಬೇಕೆಂಬ ನಿಯಮವಿದೆ. ನಮ್ಮಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ರಿಪೇರಿ ಹಕ್ಕಿನ ಸಮಿತಿ ಮಾಡಿ, ಅದೇ ಡಿಸೆಂಬರಿನಲ್ಲಿ ಪೋರ್ಟಲ್ ತೆರೆಯಿತು. ಕೈಪಿಡಿ, ಸರ್ವಿಸ್ ಸೆಂಟರ್, ವಾರಂಟಿ ವಿವರ ಅಲ್ಲಿ ನೋಡಬಹುದು. ಟಬ್ಬು ಬಿಚ್ಚುವಂತಿರಬೇಕು ಎಂದು ಪೋರ್ಟಲ್ ಯಾರಿಗೂ ಹೇಳುವುದಿಲ್ಲ.

ಸೆಮಿ ಆಟೊಮ್ಯಾಟಿಕ್‌ಗಳ ಬಗ್ಗೆ ಈ ಅಂಗಡಿಯಲ್ಲಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಬೆಲ್ಟು, ಕೆಪಾಸಿಟರು, ಟೈಮರು, ಡ್ರೈನ್ ಪೈಪು; ಯಾವುದು ಹೋದರೂ ಬಿಡಿಯಾಗಿ ಸಿಗುತ್ತದೆ, ನಿಂತ ಕಾಲಲ್ಲೇ ಹಾಕಿ ಕಳಿಸುತ್ತಾರೆ. ಎಕ್ಸ್‌ಚೇಂಜಿನಲ್ಲಿ ಬಿಟ್ಟು ಹೋದವು ಕೂಡ ಕೈಯಿಂದ ಕೈಗೆ ದಾಟಿ ಇಂಥ ಅಂಗಡಿಗೇ ಬರುತ್ತವೆ. ಎರಡು ಕೆಟ್ಟ ಮಷೀನು ಸೇರಿ ಒಂದು ಒಳ್ಳೆಯದಾಗಿ ಪಿಜಿಗೋ ಹಾಸ್ಟೆಲಿಗೋ ಹೊರಡುತ್ತದೆ.

ಸಂಜೆ ಐಡಿ ಕಾರ್ಡ್ ಕೊರಳಲ್ಲೇ ಇದ್ದ ಹುಡುಗನೊಬ್ಬ ಬಂದ. ಐದೇ ವರ್ಷದ ಮಷೀನು, ಆ್ಯಪ್ ಇದೆ, ವೈಫೈ ಇದೆ. ಅದೇ ಜಲ್ಲಿ ಸದ್ದು. ಟಬ್ಬಿನ ಸುತ್ತ ಬೆರಳಾಡಿಸಿದರೆ ಎಲ್ಲೂ ಸ್ಕ್ರೂ ಇಲ್ಲ, ನುಣ್ಣನೆಯ ಬೆಸುಗೆ. ಸರ್ವಿಸ್ ಸೆಂಟರಿನವರು ಟಬ್ ಸೆಟ್ಟಿಗೆ ಹದಿಮೂರು ಸಾವಿರ ಹೇಳಿದ್ದರಂತೆ.

‘ಗರಗಸ ಹಾಕಿ ಕೊಯ್ದು, ಬೇರಿಂಗ್ ಹಾಕಿ, ಸ್ಕ್ರೂ ಹೊಡೆದು ಸಿಲಿಕಾನ್ ಮೆತ್ತಿ ಕೊಡಬಹುದು ಸರ್. ಮಾಡಿದ್ದೀನಿ. ಸೋರಲ್ಲ ಅಂತ ಗ್ಯಾರಂಟಿ ಮಾತ್ರ ಕೊಡಲ್ಲ.’

‘ಬೇಡ. ಗುಜರಿಗೆ ಹಾಕಿದರೆ ಎಷ್ಟು ಕೊಡ್ತೀರಾ?’

‘ಸಾವಿರದಿನ್ನೂರು.’

ಹುಡುಗ ಮಷೀನಿನ ಮುಖದ ಮೇಲಿನ ಸ್ಟಿಕ್ಕರ್ ತೋರಿಸಿದ. ಮೋಟರಿಗೆ ಹತ್ತು ವರ್ಷ ವಾರಂಟಿ. ‘ಇನ್ನೂ ಐದು ವರ್ಷ ಬಾಕಿ ಇದೆ. ಮೋಟರ್ ಹೊಸದರ ಥರಾನೇ ಇದೆ ಅಣ್ಣ, ಎರಡು ಸಾವಿರ ಮಾಡಿ.’

‘ಮೋಟರ್ ಎಲ್ಲರದ್ದೂ ಚೆನ್ನಾಗೇ ಇರುತ್ತೆ ಸರ್’ ಅಂತ ಮೆಕ್ಯಾನಿಕ್ ಮೇಜಿನ ಕೆಳಗೆ ಕೈ ತೋರಿಸಿದರು. ಅಲ್ಲಿ ಅಂಥ ಮೋಟರುಗಳು ಒಂದರ ಮೇಲೊಂದು ಪೇರಿಸಿಟ್ಟಿದ್ದವು. ಸಾವಿರದೈನೂರಕ್ಕೆ ಮಾತು ಮುಗಿಯಿತು.